ಹದಿನೆಂಟು ಚಾವಡಿಗಳಿಂದ ನ್ಯಾಯಪೀಠದವರೆಗೆ: ಅಠಾರಾ ಕಚೇರಿಯ ಕಟ್ಟಡಕಥನ

ಕಲ್ಕತ್ತೆಯ ಹೈಕೋರ್ಟು 1872ರಲ್ಲಿ, ಮುಂಬಯಿಯದು 1878ರಲ್ಲಿ, ಮದರಾಸಿನದು 1892ರಲ್ಲಿ ತಮ್ಮ ತಮ್ಮ ಕಟ್ಟಡಗಳಿಗೆ ಬಂದವು. ಮೊದಲೆರಡು ಗಾಥಿಕ್ ಶೈಲಿಯವು, ಮೂರನೆಯದು ಇಂಡೋ-ಸಾರ್ಸೆನಿಕ್. ಮೂರನ್ನೂ ನ್ಯಾಯದಾನಕ್ಕೆಂದೇ ಕಟ್ಟಲಾಯಿತು. ನ್ಯಾಯಾಧೀಶರು ಎಲ್ಲಿ ಕೂರಬೇಕು, ವಕೀಲರು ಎಲ್ಲಿಂದ ಬರಬೇಕು, ಕಕ್ಷಿದಾರರು ಎಲ್ಲಿ ಕಾಯಬೇಕು ಎಂಬುದನ್ನು ನಕ್ಷೆ ಬರೆಯುವಾಗಲೇ ಯೋಚಿಸಲಾಗಿತ್ತು. ಬೆಂಗಳೂರಿನ ಹೈಕೋರ್ಟಿನ ಕಥೆ ಬೇರೆ. ಅದು ಇರುವ, ಅಠಾರಾ ಕಚೇರಿ ಎಂಬ ಕೆಂಪು ಕಟ್ಟಡವನ್ನು ಕಟ್ಟಿದ್ದು ಗುಮಾಸ್ತರಿಗಾಗಿ, ದಫ್ತರಗಳಿಗಾಗಿ, ಕಂದಾಯದ ಲೆಕ್ಕಕ್ಕಾಗಿ. ನ್ಯಾಯಪೀಠ ಆ ಮನೆಯ ಯಜಮಾನನಾದದ್ದು ಕಟ್ಟಡಕ್ಕೆ ತೊಂಬತ್ತು ವರ್ಷ ತುಂಬುವ ಹೊತ್ತಿಗೆ. ಅದಕ್ಕೂ ಮೊದಲು ಅಲ್ಲಿ ಆಡಳಿತ ನಡೆದಿತ್ತು, ಶಾಸನಸಭೆ ಸೇರಿತ್ತು. ಸಂವಿಧಾನ ಹೇಳುವ ರಾಜ್ಯದ ಮೂರು ಅಂಗಗಳೂ ಒಂದೊಂದು ಕಾಲದಲ್ಲಿ ಒಂದೇ ಸೂರಿನಡಿ ಇದ್ದ ಕಟ್ಟಡಗಳು ದೇಶದಲ್ಲಿ ವಿರಳ. ಅಠಾರಾ ಕಚೇರಿಯ ವಾಸ್ತುಚರಿತ್ರೆಯನ್ನು ಬರೆಯಲು ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಹೆಸರು ಕಟ್ಟಡಕ್ಕಿಂತ ಹಳೆಯದು

ಕಟ್ಟಡ ಏಳುವುದಕ್ಕೆ ಒಂದೂವರೆ ಶತಮಾನಕ್ಕೂ ಹಿಂದೆಯೇ ಮೈಸೂರು ಸೀಮೆಯಲ್ಲಿ 'ಅಠಾರಾ ಕಚೇರಿ', ಅಂದರೆ ಹದಿನೆಂಟು ಕಚೇರಿ, ಎಂಬ ಮಾತಿತ್ತು. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಔರಂಗಜೇಬನ ದರ್ಬಾರಿಗೆ ನಿಯೋಗವೊಂದನ್ನು ಕಳುಹಿಸಿದ್ದರು. ಅದು ಮರಳಿದ ಮೇಲೆ ಆಡಳಿತವನ್ನು ಹದಿನೆಂಟು ಇಲಾಖೆಗಳಾಗಿ ವಿಂಗಡಿಸಿದರೆಂದು ಮೈಸೂರಿನ ಚರಿತ್ರೆ ಬರೆದ ಮಾರ್ಕ್ ವಿಲ್ಕ್ಸ್ ಹೇಳುತ್ತಾನೆ. ಮೊಗಲರಿಂದ ಬಂದದ್ದು ಎಣಿಕೆಯ ಪದ ಮಾತ್ರ. ಇಲಾಖೆಗಳ ಹೆಸರುಗಳು ಕನ್ನಡದವೇ. ನಿರೂಪದ ಚಾವಡಿ, ಆಯಕಟ್ಟಿನ ಚಾವಡಿ, ಕಂದಾಚಾರದ ಚಾವಡಿ, ಸುಂಕದ ಚಾವಡಿ, ದೇವಸ್ಥಾನದ ಚಾವಡಿ, ಕಬ್ಬಿಣದ ಚಾವಡಿ, ಹೊಗೆಸೊಪ್ಪಿನ ಚಾವಡಿ. ಅಂಚೆ ಮತ್ತು ಬೇಹುಗಾರಿಕೆಗೆ ಬೇಹಿನ ಚಾವಡಿ. ಅರಮನೆಯ ದನಗಳನ್ನು ಸಾಕಿ ಹಾಲು ಬೆಣ್ಣೆ ಒದಗಿಸಲು ಬೆಣ್ಣೆ ಚಾವಡಿ. ಈ ಬೆಣ್ಣೆ ಚಾವಡಿಗೇ ಮುಂದೆ ಟಿಪ್ಪು 'ಅಮೃತಮಹಲ್' ಎಂದು ಹೆಸರಿಟ್ಟ. ಇಂದಿಗೂ ಆ ಹೆಸರಿನ ದನದ ತಳಿ ಕರ್ನಾಟಕದ ಕಾವಲುಗಳಲ್ಲಿದೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. ನಗರ ಸೀಮೆಯ ದಂಗೆಯ ಬೆನ್ನಿಗೆ, 1831ರಲ್ಲಿ, ಬ್ರಿಟಿಷರು ಆಡಳಿತವನ್ನು ಕೈಗೆ ತೆಗೆದುಕೊಂಡು ಕಮಿಷನರರ ಆಳ್ವಿಕೆ ಹೂಡಿದರು. ಆಡಳಿತದ ಕೇಂದ್ರ ಮೈಸೂರಿನಿಂದ ಬೆಂಗಳೂರಿಗೆ ಬಂತು. ಸರಕಾರಿ ದಫ್ತರಗಳನ್ನು ಇಡಲು ಊರಲ್ಲಿ ದೊಡ್ಡ ಜಾಗವೆಂದರೆ ಕೋಟೆಯೊಳಗಿನ ಅರಮನೆ. ಹೈದರ್ 1781ರಲ್ಲಿ ಆರಂಭಿಸಿ ಟಿಪ್ಪು 1791ರಲ್ಲಿ ಮುಗಿಸಿದ ಆ ಬೇಸಿಗೆ ಅರಮನೆ ಮರದ ಕೆಲಸಕ್ಕೆ ಹೆಸರಾದದ್ದು. ಕಲ್ಲಿನ ಪೀಠಗಳ ಮೇಲೆ ತೇಗದ ಕಂಬಗಳು, ಕೆತ್ತಿದ ಕಮಾನುಗಳು, ಉಪ್ಪರಿಗೆಯ ಝರೋಕಗಳು. ರಾಜನೊಬ್ಬ ದರ್ಬಾರು ನಡೆಸಲು ಅದು ಒಪ್ಪುವ ಮನೆ. ವರ್ಷದಿಂದ ವರ್ಷಕ್ಕೆ ಬೆಳೆಯುವ ಕಾಗದಪತ್ರದ ರಾಶಿಗೆ, ಸಾಲುಸಾಲು ಮೇಜುಗಳಿಗೆ, ಬಂದುಹೋಗುವ ಅರ್ಜಿದಾರರಿಗೆ ಅದು ಹೊಂದುವಂತಿರಲಿಲ್ಲ. ಆದರೂ 1868ರವರೆಗೆ ಸಚಿವಾಲಯ ಅಲ್ಲೇ ಕಾಲ ತಳ್ಳಿತು.

ಕಾಗದ ಹೆಚ್ಚಿತು, ಮನೆ ಸಾಲದಾಯಿತು

1834ರಿಂದ 1861ರವರೆಗೆ ಕಮಿಷನರನಾಗಿದ್ದ ಮಾರ್ಕ್ ಕಬ್ಬನ್ ಹಳೆಯ ಪದ್ಧತಿಗಳನ್ನು ಹೆಚ್ಚು ಕದಲಿಸಲಿಲ್ಲ. ಅವನ ಕೊನೆಯ ವರ್ಷಗಳಲ್ಲಿ ಗಾಳಿ ಬದಲಾಯಿತು. 1856ರಲ್ಲಿ ಮರಾಮತ್ತು ಇಲಾಖೆ ಮತ್ತು ಜುಡಿಷಿಯಲ್ ಕಮಿಷನರ ಹುದ್ದೆ ಬಂದವು. 1857ರಲ್ಲಿ ವಿದ್ಯಾ ಇಲಾಖೆ ಬಂತು. 1862ರಲ್ಲಿ ಅಧಿಕಾರಕ್ಕೆ ಬಂದ ಲೂಯಿನ್ ಬೆಂಥಾಮ್ ಬೌರಿಂಗ್ ರಾಜ್ಯವನ್ನು ಮೂರು ವಿಭಾಗಗಳಾಗಿ, ಎಂಟು ಜಿಲ್ಲೆಗಳಾಗಿ ವಿಂಗಡಿಸಿದ. 1863ರಲ್ಲಿ ಭೂಮಾಪನ ಮತ್ತು ಕಂದಾಯ ಸರ್ವೆ, 1864ರಲ್ಲಿ ಅರಣ್ಯ ಇಲಾಖೆ, 1866ರಲ್ಲಿ ಇನಾಂ ಕಮಿಷನ್ ಶುರುವಾದವು. ಪ್ರತಿಯೊಂದು ಹೊಸ ಇಲಾಖೆಯೂ ಅಂದರೆ ಒಬ್ಬ ಅಧಿಕಾರಿ, ಅವನ ಶಿರಸ್ತೇದಾರ, ಗುಮಾಸ್ತರ ಸಾಲು, ಕಡತಗಳ ಗೋಡೆ. ಒಂದು ಹೊಲದ ಸರ್ವೆ ನಡೆದರೆ ಅದರ ನಕ್ಷೆ, ಪಹಣಿ, ತಕರಾರು, ತೀರ್ಮಾನ ಎಲ್ಲವೂ ಎಲ್ಲೋ ಒಂದು ಕಡೆ ಭದ್ರವಾಗಿ ಕೂರಬೇಕು. ಹಳೆಯ ಹದಿನೆಂಟು ಚಾವಡಿಗಳ ಲೆಕ್ಕ ಆ ಹೊತ್ತಿಗೆ ಹೆಸರಿನಲ್ಲಷ್ಟೇ ಉಳಿದಿತ್ತು.

ಹೊಸ ಕಟ್ಟಡಕ್ಕೆ ಆರಿಸಿದ ಜಾಗವೂ ರಾಜಕೀಯವಾಗಿ ಅರ್ಥಪೂರ್ಣ. ಆಗಿನ ಬೆಂಗಳೂರು ಒಂದೂರಲ್ಲ, ಎರಡೂರು. ಪಶ್ಚಿಮಕ್ಕೆ ಕೆಂಪೇಗೌಡರ ಕಾಲದ ಪೇಟೆ, ಪೂರ್ವಕ್ಕೆ 1809ರಿಂದ ಬೆಳೆದ ದಂಡು. ನಡುವೆ ತೆರೆದ ಬಯಲು. ಕೋಟೆಯೊಳಗಿದ್ದ ಸರಕಾರ ಹೊರಗೆ ಬಂದು ಈ ಬಯಲಿನಲ್ಲಿ ನಿಂತಿತು. ಕಮಿಷನರನ ಮನೆ, ಅಂದರೆ ಕಬ್ಬನ್ ಕಟ್ಟಿಸಿದ, ಈಗ ರಾಜಭವನವಾಗಿರುವ ಬಂಗಲೆ, ಕೂಗಳತೆಯಲ್ಲಿತ್ತು. 1864ರಲ್ಲಿ ಜೋಲಾರಪೇಟೆಯಿಂದ ದಂಡಿನವರೆಗೆ ರೈಲು ಬಂತು. ಅದೇ ವರ್ಷ ಸರಕಾರದ ಹೊಸ ಕಚೇರಿಗಳಿಗೆ ಅಡಿಪಾಯದ ಕೆಲಸವೂ ಶುರುವಾಯಿತು. ದಂಡು ಮತ್ತು ಪೇಟೆಗಳ ನಡುವೆ ನಗರದ ಮೂರನೆಯ ಕೇಂದ್ರವೊಂದು ಹುಟ್ಟಿದ್ದು ಹೀಗೆ. ಮುಂದಿನ ಒಂದು ನೂರು ವರ್ಷದಲ್ಲಿ ಉದ್ಯಾನ, ಮ್ಯೂಸಿಯಂ, ಗ್ರಂಥಾಲಯ, ವಿಧಾನಸೌಧಗಳೆಲ್ಲ ಈ ಬಯಲಿನ ಸುತ್ತಲೇ ಬಂದು ಸೇರಿದವು.

ಗ್ರೀಕರ ಕಂಬ, ಮೈಸೂರಿನ ಕಚೇರಿ

ಕಟ್ಟಡದ ವಿನ್ಯಾಸ ಮೈಸೂರು ಸರಕಾರದ ಮುಖ್ಯ ಎಂಜಿನಿಯರ್ ರಿಚರ್ಡ್ ಹೈರಾಮ್ ಸ್ಯಾಂಕಿಯದು. ಎರಡು ಅಂತಸ್ತು, ಕಲ್ಲು ಮತ್ತು ಇಟ್ಟಿಗೆಯ ಕೆಲಸ, ಮೇಲೆ ಕೆಂಪು ಬಣ್ಣ. ಉದ್ದಕ್ಕೆ ಹಬ್ಬಿದ ಕಟ್ಟಡದ ನಡುವೆ ಒಂದು ಮುಖಮಂಟಪ, ಎರಡು ತುದಿಗಳಲ್ಲಿ ಒಂದೊಂದು. ಮೂರರಲ್ಲೂ ಅಯಾನಿಕ್ ಕಂಬಗಳು. ಇವುಗಳನ್ನು ಕೂಡಿಸುವಂತೆ ನಡುವಿನ ರೆಕ್ಕೆಗಳ ಉದ್ದಕ್ಕೂ ಕಮಾನು ಸಾಲಿನ ಮೊಗಸಾಲೆಗಳು. ಮಧ್ಯದ ಗೆರೆಯಿಂದ ಮಡಿಸಿದರೆ ಎಡವೂ ಬಲವೂ ಒಂದರ ಮೇಲೊಂದು ಕೂರುವಷ್ಟು ಸಮತೋಲ.

ದೇವಾಲಯಗಳನ್ನು ನೋಡಿ ಬೆಳೆದ ಕನ್ನಡಿಗರ ಕಣ್ಣಿಗೆ ಈ ವ್ಯಾಕರಣ ಅಪರಿಚಿತವೇನಲ್ಲ. ನಮ್ಮ ಶಿಲ್ಪಶಾಸ್ತ್ರದಲ್ಲಿ ಅಧಿಷ್ಠಾನ, ಅದರ ಮೇಲೆ ಕಂಬ, ಕಂಬದ ತಲೆಗೆ ಬೋದಿಗೆ, ಬೋದಿಗೆಯ ಮೇಲೆ ಪ್ರಸ್ತರ ಎಂಬ ಕ್ರಮವಿದೆ. ಗ್ರೀಕರಲ್ಲೂ ಪೀಠ, ಕಂಬ, ಕಂಬದ ತಲೆ, ಮೇಲಿನ ತೊಲೆಪಟ್ಟಿ ಎಂಬ ಅನುಕ್ರಮವೇ. ನಮ್ಮಲ್ಲಿ ಬೋದಿಗೆಯ ಆಕಾರ ನೋಡಿ ಇದು ಚೋಳರದೋ ವಿಜಯನಗರದ್ದೋ ಎಂದು ಹೇಳಬಹುದಾದಂತೆ ಅಲ್ಲೂ ಕಂಬದ ತಲೆಯೇ ಜಾತಿಯನ್ನು ಹೇಳುತ್ತದೆ. ಸರಳ ಮೆತ್ತೆಯಂಥದ್ದು ಡಾರಿಕ್, ಎರಡು ಕಡೆ ಸುರುಳಿ ಇಳಿಬಿಟ್ಟದ್ದು ಅಯಾನಿಕ್, ಎಲೆಗಳ ಗುಚ್ಛವಿರುವುದು ಕೊರಿಂಥಿಯನ್. ಡಾರಿಕ್ ಗಡುಸು, ಕೊರಿಂಥಿಯನ್ ಆಡಂಬರ, ಅಯಾನಿಕ್ ಇವೆರಡರ ನಡುವಿನ ಸಂಯಮ ಎಂದು ಯೂರೋಪಿನ ವಾಸ್ತುಗ್ರಂಥಗಳು ಬಗೆದಿದ್ದವು. ಲೆಕ್ಕಪತ್ರದ ಕಚೇರಿಗೆ ಸಂಯಮದ ಕಂಬ ಒಪ್ಪುವ ಆಯ್ಕೆ.

ಈ ಶೈಲಿ ಬೆಂಗಳೂರಿಗೆ ಬಂದದ್ದು ನೇರವಾಗಿ ಅಥೆನ್ಸಿನಿಂದಲ್ಲ. ಹದಿನೆಂಟನೆಯ ಶತಮಾನದ ನಡುವಿನಲ್ಲಿ ಹರ್ಕ್ಯುಲೇನಿಯಂ, ಪೊಂಪೇಯಿಗಳ ಉತ್ಖನನ ಯೂರೋಪಿನಲ್ಲಿ ಪ್ರಾಚೀನ ರೋಮಿನ ಹುಚ್ಚು ಹಿಡಿಸಿತು. ಅಥೆನ್ಸಿನ ಸ್ಮಾರಕಗಳನ್ನು ಅಳೆದು ಬರೆದ ಸ್ಟೂಅರ್ಟ್ ಮತ್ತು ರೆವೆಟ್‌ರ ಗ್ರಂಥದ ಮೊದಲ ಸಂಪುಟ 1762ರಲ್ಲಿ ಬಂತು. ಅಳತೆ ಸಮೇತ ಚಿತ್ರ ಸಿಕ್ಕಿದ ಮೇಲೆ ಗ್ರೀಸನ್ನು ಕಾಣದವನೂ ಗ್ರೀಕ್ ಮಂಟಪ ಕಟ್ಟಬಹುದಾಯಿತು. ಭಾರತದಲ್ಲಿ ಈ ಕೆಲಸ ಮಾಡಿದವರಲ್ಲಿ ವೃತ್ತಿಪರ ವಾಸ್ತುಶಿಲ್ಪಿಗಳು ಕಡಿಮೆ, ಸೇನೆಯ ಎಂಜಿನಿಯರುಗಳೇ ಹೆಚ್ಚು. ಮದರಾಸಿನ ಬ್ಯಾಂಕ್ವೆಟಿಂಗ್ ಹಾಲ್, ಅಂದರೆ ಇಂದಿನ ರಾಜಾಜಿ ಹಾಲ್, ಕಟ್ಟಿದ ಜಾನ್ ಗೋಲ್ಡಿಂಗ್‌ಹ್ಯಾಮ್ ಖಗೋಳಜ್ಞ. ಕಲ್ಕತ್ತೆಯ ಗವರ್ನಮೆಂಟ್ ಹೌಸ್ 1803ರಲ್ಲಿ ಮುಗಿಯಿತು. ಅದಕ್ಕೆ ಮಾದರಿ ಇಂಗ್ಲೆಂಡಿನ ಜಹಗೀರುದಾರನೊಬ್ಬನ ಕೆಡ್ಲ್‌ಸ್ಟನ್ ಎಂಬ ಮನೆ. ಹೈದರಾಬಾದಿನ ರೆಸಿಡೆನ್ಸಿ, ಮುಂಬಯಿಯ ಟೌನ್ ಹಾಲ್ ಇದೇ ವಂಶದವು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. 1864ರ ಹೊತ್ತಿಗೆ ಈ ಶೈಲಿ ಹಳತಾಗಿತ್ತು. ಮುಂಬಯಿಯಲ್ಲಿ ಕೋಟೆಗೋಡೆಗಳನ್ನು ಉರುಳಿಸಿ ಗಾಥಿಕ್ ಕಟ್ಟಡಗಳ ಸಾಲಿಗೆ ತಯಾರಿ ನಡೆದಿತ್ತು. ಸ್ಯಾಂಕಿಗೆ ಗಾಥಿಕ್ ಬರುತ್ತಿರಲಿಲ್ಲ ಎನ್ನುವಂತಿಲ್ಲ. ದಂಡಿನಲ್ಲಿ ಇದೇ ವರ್ಷಗಳಲ್ಲಿ ಎದ್ದ ಸೇಂಟ್ ಆಂಡ್ರ್ಯೂಸ್ ಚರ್ಚಿನ ವಿನ್ಯಾಸವೂ ಅವನದೇ, ಅದು ಗಾಥಿಕ್. ದೇವರ ಮನೆಗೆ ಒಂದು ಶೈಲಿ, ಸರಕಾರದ ಮನೆಗೆ ಇನ್ನೊಂದು ಎಂದು ಅವನು ವಿಂಗಡಿಸಿಕೊಂಡಂತಿದೆ. ಮುಖಮಂಟಪ, ಕಂಬ, ತ್ರಿಕೋನದ ಮೇಲ್ಮುಖ ಇವುಗಳಿಗೆ ಆ ಕಾಲದ ಇಂಗ್ಲಿಷರ ಮನಸ್ಸಿನಲ್ಲಿ ಒಂದೇ ಅರ್ಥ: ಕಾನೂನು, ಶಿಸ್ತು, ಸ್ಥಿರತೆ. 1857ರ ದಂಗೆ ಆಗಿ ಏಳೇ ವರ್ಷ ಕಳೆದಿತ್ತು. ಸ್ಥಿರತೆಯನ್ನು ಸಾರಿ ಹೇಳುವ ಅಗತ್ಯ ಆಳುವವರಿಗಿತ್ತು.

ಎಂಜಿನಿಯರೂ ಗುತ್ತಿಗೆದಾರರೂ

ಸ್ಯಾಂಕಿಯನ್ನು ಬೆಂಗಳೂರು ನೆನೆಯುವುದು ಮಲ್ಲೇಶ್ವರ ಮತ್ತು ಸದಾಶಿವನಗರದ ನಡುವಿನ ಕೆರೆಯ ಹೆಸರಿನಿಂದ. ಆದರೆ ಮೈಸೂರು ರಾಜ್ಯಕ್ಕೆ ಅವನು ಮಾಡಿದ ದೊಡ್ಡ ಕೆಲಸ ಕೆರೆಗಳ ಸರಣಿಯನ್ನು ಅರ್ಥ ಮಾಡಿಕೊಂಡದ್ದು. ಒಂದು ಕೆರೆಯ ಕೋಡಿ ಬಿದ್ದ ನೀರು ಮುಂದಿನ ಕೆರೆಗೆ, ಅದರ ಕೋಡಿ ಅದರ ಮುಂದಿನದಕ್ಕೆ ಹೋಗುವ ವ್ಯವಸ್ಥೆಯಲ್ಲಿ ಒಂದನ್ನು ದುರಸ್ತಿ ಮಾಡಿ ಇನ್ನೊಂದನ್ನು ಬಿಡುವುದು ವ್ಯರ್ಥ ಎಂದು ಕಂಡು, ಇಡೀ ಸರಣಿಯನ್ನು ಒಂದು ಘಟಕವಾಗಿ ನೋಡುವ ಕ್ರಮವನ್ನು ಅವನು ಮುಂದಿಟ್ಟ. ಇದೇ ಬುದ್ಧಿ ಕಟ್ಟಡದಲ್ಲೂ ಕಾಣುತ್ತದೆ. ಅಠಾರಾ ಕಚೇರಿಯ ಒಳರಚನೆ ದೊಡ್ಡ ದರ್ಬಾರು ಹಾಲಿನ ಸುತ್ತ ಹೆಣೆದದ್ದಲ್ಲ. ಮೊಗಸಾಲೆಗೆ ತೆರೆದುಕೊಂಡ ಕೋಣೆಗಳ ಸಾಲು ಅದರ ಜೀವ. ಒಂದು ಇಲಾಖೆ ಬೆಳೆದರೆ ಪಕ್ಕದ ಕೋಣೆಗೆ ಚಾಚಿಕೊಳ್ಳಬಹುದು, ಕುಗ್ಗಿದರೆ ಬಿಟ್ಟುಕೊಡಬಹುದು. ಬಿಸಿಲು, ಮಳೆ ಎರಡನ್ನೂ ಮೊಗಸಾಲೆಯೇ ತಡೆಯುತ್ತದೆ. ಅರ್ಜಿದಾರನಿಗೆ ಕಾಯಲು ನೆರಳೂ ಸಿಗುತ್ತದೆ.

ಕಟ್ಟಿಸಿದವರು ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್. ದಂಡಿನ ವರ್ತಕರಾಗಿ ಬೆಳೆದು ಸರಕಾರಿ ಗುತ್ತಿಗೆಗಳನ್ನು ಹಿಡಿದ ಅವರು 1873ರಲ್ಲಿ ಬಡಮಕ್ಕಳಿಗಾಗಿ ಶಾಲೆ ತೆರೆದರು. 1877ರ ದೆಹಲಿ ದರ್ಬಾರಿನಲ್ಲಿ ಅವರಿಗೆ 'ರಾಯ್ ಬಹದ್ದೂರ್' ಬಿರುದು ಬಂತು. ಬೆಂಗಳೂರಿನವರ ಬಾಯಲ್ಲಿ 'ಆರ್‌ಬಿಎಎನ್‌ಎಂ' ಎಂದು ಓಡಾಡುವ ವಿದ್ಯಾಸಂಸ್ಥೆಗಳ ಹೆಸರಿನಲ್ಲಿರುವವರು ಇವರೇ. ನಕ್ಷೆ ಬರೆದವನು ಐರಿಷ್ ಮೂಲದ ಸೇನಾ ಎಂಜಿನಿಯರ್, ಕಟ್ಟಿಸಿದವರು ದಂಡಿನ ತಮಿಳು ಉದ್ಯಮಿ. ಕಲ್ಲು ಒಡೆದ, ಗಾರೆ ಅರೆದ, ಅಯಾನಿಕ್ ಸುರುಳಿಯನ್ನು ಕರಣೆಯ ತುದಿಯಲ್ಲಿ ತಿದ್ದಿದ ಕೈಗಳ ಹೆಸರು ಯಾವ ಫಲಕದಲ್ಲೂ ಬರಲಿಲ್ಲ. ಆ ಕಾಲದ ಎಲ್ಲ ಸರಕಾರಿ ಕಟ್ಟಡಗಳ ಕಥೆಯೂ ಅದೇ.

1868ರ ಏಪ್ರಿಲ್

ನಾಲ್ಕು ವರ್ಷದ ಕೆಲಸ ಮುಗಿದು ಕಟ್ಟಡ ಸಿದ್ಧವಾದದ್ದು 1868ರ ಏಪ್ರಿಲಿನಲ್ಲಿ. ಅದಕ್ಕೆ ಕೆಲವೇ ದಿನ ಮೊದಲು, ಮಾರ್ಚ್ 27ರಂದು, ಮೈಸೂರಿನ ಅರಮನೆಯಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಾಲವಾದರು. ಕಳೆದುಕೊಂಡ ಅಧಿಕಾರಕ್ಕಾಗಿ ಮೂವತ್ತಾರು ವರ್ಷ ಪತ್ರ ಬರೆಯುತ್ತಲೇ ಇದ್ದ ದೊರೆ ಅವರು. ಅವರ ಹೋರಾಟ ವ್ಯರ್ಥವಾಗಿರಲಿಲ್ಲ. ರಾಜ್ಯವನ್ನು ಅವರ ದತ್ತುಪುತ್ರನಿಗೆ ಹಿಂದಿರುಗಿಸುವುದೆಂದು ಲಂಡನ್ ಸರಕಾರ 1867ರಲ್ಲೇ ತೀರ್ಮಾನಿಸಿತ್ತು. ಅಂದರೆ, ಶಾಶ್ವತವಾಗಿ ಆಳುವವರ ಠೀವಿಯಲ್ಲಿ ಎದ್ದ ಈ ಕಂಬಗಳ ಹಿಂದೆ ಕೂತವರು, ಬಾಗಿಲು ತೆರೆಯುವ ಮುನ್ನವೇ ಬಿಟ್ಟುಹೋಗುವ ತೀರ್ಮಾನಕ್ಕೆ ಬಂದಾಗಿತ್ತು. 1881ರ ಮಾರ್ಚ್ 25ರಂದು ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಮರಳಿತು. ಬ್ರಿಟಿಷ್ ಕಮಿಷನರರ ಸರಕಾರ ಈ ಕಟ್ಟಡವನ್ನು ಬಳಸಿದ್ದು ಹದಿಮೂರೇ ವರ್ಷ.

ಕಟ್ಟಡದ ಸುತ್ತಲಿನ ಭೂದೃಶ್ಯ ರೂಪುಗೊಳ್ಳತೊಡಗಿದ್ದು ಆ ಹದಿಮೂರು ವರ್ಷಗಳಲ್ಲೇ. 1870ರಲ್ಲಿ ಸ್ಯಾಂಕಿಯೇ ಹಿಂಬದಿಯ ಬಯಲಿನಲ್ಲಿ ಉದ್ಯಾನ ಹಾಕಿಸಿದ. ಮೊದಲು ಹಂಗಾಮಿ ಕಮಿಷನರ್ ಜಾನ್ ಮೀಡ್‌ನ ಹೆಸರಿದ್ದ ಅದೇ ಇಂದಿನ ಕಬ್ಬನ್ ಪಾರ್ಕ್. ಅಠಾರಾ ಕಚೇರಿಯ ನಡುಗೆರೆಯನ್ನು ಹಿಡಿದೇ ಉದ್ಯಾನದ ಮುಖ್ಯ ನಡೆದಾರಿಯ ಅಕ್ಷ ಹೊರಟಿದೆ. 1877ರಲ್ಲಿ ಮ್ಯೂಸಿಯಂ, 1915ರಲ್ಲಿ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ ಇದೇ ಕೆಂಪು ಬಣ್ಣದಲ್ಲಿ, ಇದೇ ಶಾಸ್ತ್ರೀಯ ವರಸೆಯಲ್ಲಿ ಬಂದವು. ಶಿಲ್ಪಿ ಮಾರೊಕೆಟ್ಟಿ ಎರಕ ಹೊಯ್ದ ಕಬ್ಬನ್‌ನ ಕುದುರೆ ಸವಾರಿಯ ಪ್ರತಿಮೆ 1866ರಲ್ಲಿ ದಂಡಿನ ಪೆರೇಡ್ ಮೈದಾನದಲ್ಲಿ ಅನಾವರಣಗೊಂಡಿತ್ತು. ಅದು ಮುಂದೆ ಈ ಕಟ್ಟಡದ ಆವರಣಕ್ಕೆ ಬಂದು ಬಹುಕಾಲ ನಿಂತು, 2020ರಲ್ಲಿ ಉದ್ಯಾನದ ಒಳಕ್ಕೆ ಸ್ಥಳಾಂತರಗೊಂಡಿತು.

ದಿವಾನರ ಸಚಿವಾಲಯ

1881ರಿಂದ ಇದು ಮೈಸೂರು ಸಂಸ್ಥಾನದ ಸಚಿವಾಲಯ. ರಂಗಾಚಾರ್ಲು ಅವರಿಂದ ಮೊದಲುಗೊಂಡು ದಿವಾನರ ಸರಕಾರದ ಆದೇಶಗಳಿಗೆ ಇದೇ ಉಗಮ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಶಿವನಸಮುದ್ರದ ವಿದ್ಯುತ್ ಯೋಜನೆ ರೂಪುಗೊಂಡು, 1902ರಲ್ಲಿ ಕೋಲಾರದ ಗಣಿಗಳಿಗೆ, 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ವಿದ್ಯುತ್ತು ಬಂತು. ವಿಶ್ವೇಶ್ವರಯ್ಯನವರ 1912ರಿಂದ 1918ರ ದಿವಾನಗಿರಿಯಲ್ಲಿ ಕನ್ನಂಬಾಡಿ, ಮೈಸೂರು ಬ್ಯಾಂಕು, ವಿಶ್ವವಿದ್ಯಾನಿಲಯಗಳ ಕಡತಗಳು ನಡೆದವು. 1926ರಿಂದ 1941ರವರೆಗೆ ಮಿರ್ಜಾ ಇಸ್ಮಾಯಿಲ್ ಅವರ ನಗರಸೌಂದರ್ಯದ ಹಟ ಸರಕಾರಿ ಆದೇಶಗಳ ರೂಪ ಪಡೆಯಿತು. ಹೊಸಗನ್ನಡದ ಮೊದಲ ತಲೆಮಾರಿನ ಎಷ್ಟೋ ವಿದ್ಯಾವಂತ ಮನೆಗಳಲ್ಲಿ 'ಪಬ್ಲಿಕ್ ಆಫೀಸಿನಲ್ಲಿ ಕೆಲಸ' ಎಂದರೆ ಮಾತು ಮುಗಿಯುತ್ತಿತ್ತು. ಇಂಗ್ಲಿಷ್ ದಾಖಲೆಗಳಲ್ಲಿ ಕಟ್ಟಡಕ್ಕೆ ಆ ಹೆಸರು. ಜನರ ಬಾಯಲ್ಲಿ ಕೊನೆಗೂ ಉಳಿದದ್ದು ಅಠಾರಾ ಕಚೇರಿಯೇ.

ನ್ಯಾಯಾಂಗದ ಬೇರೂ ಈ ಕಾಲದ್ದೇ. ಜುಡಿಷಿಯಲ್ ಕಮಿಷನರ ಏಕವ್ಯಕ್ತಿ ಪದ್ಧತಿ ಹೋಗಿ 1884ರಲ್ಲಿ ಮೂವರು ನ್ಯಾಯಾಧೀಶರ ಮೈಸೂರು ಚೀಫ್ ಕೋರ್ಟು ಸ್ಥಾಪನೆಯಾಯಿತು. 1930ರಲ್ಲಿ ಅದು ಹೈಕೋರ್ಟು ಎನಿಸಿತು.

ಗುಮಾಸ್ತರ ಮನೆಯಲ್ಲಿ ಪ್ರಜಾಪ್ರತಿನಿಧಿಗಳು

ಗಣರಾಜ್ಯದ ಮೊದಲ ಚುನಾವಣೆ ಮುಗಿದು ಮೈಸೂರಿಗೆ ವಯಸ್ಕ ಮತದಾನದ ಮೊದಲ ವಿಧಾನಸಭೆ ಬಂದಾಗ ಅದಕ್ಕೆ ಸ್ವಂತ ಮನೆಯಿರಲಿಲ್ಲ. 1952ರ ಜೂನ್ 18ರಂದು ಬೆಳಿಗ್ಗೆ 11 ಗಂಟೆಗೆ 99 ಚುನಾಯಿತ ಸದಸ್ಯರ ಆ ಸಭೆಯ ಮೊದಲ ಅಧಿವೇಶನ ಸೇರಿದ್ದು ಈ ಕಟ್ಟಡದ ಸಭಾಕೊಠಡಿಯಲ್ಲಿ. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯ ಮತ್ತಿತರ ಸದಸ್ಯರಿಗೆ ಹಂಗಾಮಿ ಅಧ್ಯಕ್ಷ ವಿ. ವೆಂಕಟಪ್ಪ ಪ್ರಮಾಣ ಬೋಧಿಸಿದರು. ಸಭಾಧ್ಯಕ್ಷ ಸ್ಥಾನಕ್ಕೆ ಅಂದೇ ಸ್ಪರ್ಧೆ. ಆಳುವ ಪಕ್ಷದಿಂದ ಎಚ್. ಸಿದ್ಧಯ್ಯ, ಸಮಾಜವಾದಿಗಳಿಂದ ಶಾಂತವೇರಿ ಗೋಪಾಲಗೌಡರು. 74 ಮತ ಪಡೆದು ಸಿದ್ಧಯ್ಯ ಗೆದ್ದರು. ಸೋಲು ಖಚಿತವೆಂದು ಗೊತ್ತಿದ್ದೂ ಮೊದಲ ದಿನವೇ ಸ್ಪರ್ಧೆ ಒಡ್ಡಿದ ಗೋಪಾಲಗೌಡರ ನಡೆ, ವಿರೋಧ ಪಕ್ಷವಿಲ್ಲದ ಸಭೆ ಸಭೆಯೇ ಅಲ್ಲ ಎಂಬುದನ್ನು ಹೇಳುವಂತಿತ್ತು. ಕಂದಾಯದ ಕಚೇರಿಗೆಂದು ಕಟ್ಟಿದ ಸೂರಿನಡಿ ಗೇಣಿದಾರರ ಪರವಾದ ಮಾತು ಮೊಳಗಿದ್ದು ಆ ಅವಧಿಯಲ್ಲಿ.

ಎದುರು ಎದ್ದ ಉತ್ತರ

ರಸ್ತೆಯ ಆಚೆ ಬದಿಯಲ್ಲಿ ಆಗ ಕಲ್ಲಿನ ಕೆಲಸ ನಡೆದಿತ್ತು. ವಿಧಾನಸೌಧಕ್ಕೆ 1951ರ ಜುಲೈ 13ರಂದು ಜವಾಹರಲಾಲ್ ನೆಹರೂ ಅಡಿಗಲ್ಲು ಹಾಕಿದ್ದರು. ಕೆ.ಸಿ. ರೆಡ್ಡಿಯವರ ಸರಕಾರ ಯೋಚಿಸಿದ್ದು ಸರಳವಾದ ಕಟ್ಟಡ. ಹನುಮಂತಯ್ಯನವರು ಅಧಿಕಾರಕ್ಕೆ ಬಂದ ಮೇಲೆ ನಕ್ಷೆಯನ್ನೇ ಬದಲಿಸಿದರು. ಇದಕ್ಕೆ ಅವರು ಕೊಟ್ಟ ಕಾರಣ ಪ್ರಸಿದ್ಧ. ಬೆಂಗಳೂರಿಗೆ ಬಂದ ರಷ್ಯದ ಸಾಂಸ್ಕೃತಿಕ ನಿಯೋಗಕ್ಕೆ ಊರು ತೋರಿಸುವಾಗ, ಎಲ್ಲಿ ನೋಡಿದರೂ ಯೂರೋಪಿನ ಕಟ್ಟಡಗಳೇ ಕಾಣುತ್ತಿವೆ, ನಿಮ್ಮದೇ ಆದ ವಾಸ್ತು ಇಲ್ಲವೇ ಎಂದು ಅತಿಥಿಗಳು ಮತ್ತೆ ಮತ್ತೆ ಕೇಳಿದರಂತೆ. ಅವರು ನೋಡಿದ ಯೂರೋಪಿನ ಕಟ್ಟಡಗಳ ಸಾಲಿನಲ್ಲಿ ಅಠಾರಾ ಕಚೇರಿಗೇ ಮೊದಲ ಸ್ಥಾನ ಸಲ್ಲಬೇಕು. ಮುಖ್ಯ ಎಂಜಿನಿಯರ್ ಬಿ.ಆರ್. ಮಾಣಿಕ್ಯಂ ಅವರ ಕೈಯಲ್ಲಿ ಉತ್ತರ ಸಿದ್ಧವಾಯಿತು. 700 ಅಡಿ ಉದ್ದ, 350 ಅಡಿ ಅಗಲ, ಮುಖಮಂಟಪದಲ್ಲಿ 40 ಅಡಿ ಎತ್ತರದ 12 ಕಣಶಿಲೆಯ ಕಂಬಗಳು, 45 ಮೆಟ್ಟಿಲ ಸೋಪಾನ, ಖರ್ಚು ಸುಮಾರು 1.84 ಕೋಟಿ ರೂಪಾಯಿ. 1956ರಲ್ಲಿ ಕಟ್ಟಡ ಮುಗಿಯಿತು. ಅದೇ ವರ್ಷ ಹನುಮಂತಯ್ಯನವರು ಅಧಿಕಾರದಿಂದ ಇಳಿದರು.

ಎರಡು ಕಟ್ಟಡಗಳನ್ನೂ ಒಟ್ಟಿಗೆ ನೋಡಿದರೆ ಜಗಳಕ್ಕಿಂತ ಸಂವಾದವೇ ಎದ್ದು ಕಾಣುತ್ತದೆ. ವಿಧಾನಸೌಧದ ಮೈಮೇಲಿನ ಅಲಂಕಾರ ದ್ರಾವಿಡ ಸಂಪ್ರದಾಯದ್ದು: ಬೋದಿಗೆ, ಕಪೋತ, ಶಿಖರ, ಸಿಂಹಲಾಂಛನ. ಆದರೆ ಅದರ ಅಸ್ಥಿಪಂಜರ ಹಳೆಯ ಪರಿಚಯದ್ದೇ. ನಡುವೆ ಎತ್ತರದ ಮುಖಮಂಟಪ, ಎರಡು ಕಡೆ ಚಾಚಿದ ಸಮತೋಲದ ರೆಕ್ಕೆಗಳು, ಕಂಬಸಾಲಿನ ಮೊಗಸಾಲೆ, ಅದರಾಚೆ ಕಚೇರಿಗಳ ಸಾಲು. ಸ್ಯಾಂಕಿ ಹಾಕಿದ ಪಂಕ್ತಿಯಲ್ಲೇ ಮಾಣಿಕ್ಯಂ ಬೇರೆ ಭಾಷೆಯ ಪದ್ಯ ಬರೆದರು. ಸರಕಾರಿ ಕಟ್ಟಡ ಹೇಗಿರಬೇಕೆಂಬ ಕಲ್ಪನೆ ನಮ್ಮಲ್ಲಿ ಎಷ್ಟು ಆಳವಾಗಿ ಅಠಾರಾ ಕಚೇರಿಯಿಂದ ಬಂದಿದೆ ಎಂಬುದಕ್ಕೆ ಅದನ್ನು ಮೀರಿಸಲು ಎದ್ದ ಕಟ್ಟಡವೇ ಸಾಕ್ಷಿ.

ನ್ಯಾಯಪೀಠದ ಮನೆ

ಸಚಿವಾಲಯ ರಸ್ತೆ ದಾಟಿ ವಿಧಾನಸೌಧಕ್ಕೆ ಹೋಯಿತು. ತೆರವಾದ ಕೋಣೆಗಳಿಗೆ ಹೈಕೋರ್ಟು ವಾರಸುದಾರನಾಯಿತು. ಕಾಲವೂ ಕೂಡಿಬಂತು. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದಾಗ, ಅದುವರೆಗೆ ಮುಂಬಯಿ, ಹೈದರಾಬಾದು, ಮದರಾಸುಗಳಿಗೆ ಮೇಲ್ಮನವಿ ಹೊತ್ತು ಹೋಗುತ್ತಿದ್ದ ಜಿಲ್ಲೆಗಳ ಕಕ್ಷಿದಾರರು ಬೆಂಗಳೂರಿನತ್ತ ತಿರುಗಿದರು. ಬೇರೆ ಬೇರೆ ಕಾನೂನು ಪರಂಪರೆಗಳಲ್ಲಿ ಪಳಗಿದ ವಕೀಲರು ಒಂದೇ ಮೊಗಸಾಲೆಯಲ್ಲಿ ಭೇಟಿಯಾದರು. ಏಕೀಕರಣ ಕಾಗದದಿಂದ ದಿನಚರಿಗೆ ಇಳಿದ ಜಾಗಗಳಲ್ಲಿ ಇದೂ ಒಂದು. 1973ರಲ್ಲಿ ರಾಜ್ಯದ ಜೊತೆಗೇ ನ್ಯಾಯಾಲಯದ ಹೆಸರೂ ಕರ್ನಾಟಕ ಹೈಕೋರ್ಟು ಎಂದು ಬದಲಾಯಿತು. 2008ರಲ್ಲಿ ಧಾರವಾಡ ಮತ್ತು ಕಲಬುರಗಿಯಲ್ಲಿ ಸಂಚಾರಿ ಪೀಠಗಳು ಆರಂಭವಾಗಿ 2013ರಲ್ಲಿ ಕಾಯಂ ಆದವು.

ನ್ಯಾಯಾಲಯಕ್ಕೆ ಒಗ್ಗುವ ಗುಣ ಕಟ್ಟಡಕ್ಕೆ ಎಲ್ಲಿಂದ ಬಂತು? ಕಂಬಗಳಿಂದ ಎಂದು ಹೇಳುವುದು ಸುಲಭ. ನಿಜವಾದ ಉತ್ತರ ಕೋಣೆಗಳ ಸಾಲಿನಲ್ಲಿದೆ. ಇಲಾಖೆಯೊಂದಕ್ಕೆ ಕೊಟ್ಟ ಕೋಣೆ ನ್ಯಾಯಪೀಠವೊಂದಕ್ಕೆ ಹೊಂದಿತು. ಅರ್ಜಿದಾರ ಕಾಯುತ್ತಿದ್ದ ಮೊಗಸಾಲೆಯಲ್ಲಿ ಕಕ್ಷಿದಾರ ಕಾದ, ವಕೀಲರು ಒಂದು ಹಾಲಿನಿಂದ ಇನ್ನೊಂದಕ್ಕೆ ಓಡಿದರು. ದರ್ಬಾರಿಗೆಂದು ಕಟ್ಟಿದ್ದರೆ ಇದು ಎಂದೋ ಮ್ಯೂಸಿಯಂ ಆಗುತ್ತಿತ್ತು. ಕೆಲಸಕ್ಕೆಂದು ಕಟ್ಟಿದ್ದರಿಂದ ಕೆಲಸ ಬದಲಾದರೂ ಉಳಿಯಿತು.

ಕೆಡವುವ ಮಾತು

ಬೆಳೆದ ನ್ಯಾಯಾಲಯಕ್ಕೆ ಜಾಗ ಸಾಲದಾಯಿತು. 1980ರ ದಶಕದ ಆರಂಭದಲ್ಲಿ ಹಳೆಯ ಕಟ್ಟಡವನ್ನೇ ಕೆಡವಿ ಹೊಸದು ಕಟ್ಟುವ ಪ್ರಸ್ತಾಪ ಬಂತು. ಬೆಂಗಳೂರಿನ ನಾಗರಿಕರು ಎದ್ದು ನಿಂತರು. ಪತ್ರಿಕೆಗಳಲ್ಲಿ ಚರ್ಚೆಯಾಯಿತು, ವಿಷಯ ರಿಟ್ ಅರ್ಜಿಯಾಗಿ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಕಟ್ಟಡದ ಅಳಿವು ಉಳಿವಿನ ವಾದ ಅದೇ ಕಟ್ಟಡದೊಳಗೆ ನಡೆದದ್ದು ನ್ಯಾಯಾಂಗದ ಚರಿತ್ರೆಯಲ್ಲೇ ಅಪರೂಪದ ಪ್ರಸಂಗ. ಕೊನೆಗೆ ಹಳೆಯ ಮುಂಭಾಗ ಉಳಿಯಿತು. ಹೆಚ್ಚುವರಿ ಕಟ್ಟಡಗಳು ಅದರ ಹಿಂದೆ, ಅದೇ ಬಣ್ಣ ಮತ್ತು ವರಸೆಯನ್ನು ಅನುಸರಿಸಿ ಬಂದವು. ಹಳೆಯ ಬೆಂಗಳೂರಿನ ಕಟ್ಟಡಗಳನ್ನು ದಾಖಲಿಸಿದ ಟಿ.ಪಿ. ಇಸ್ಸಾರ್ ಅವರ ಗ್ರಂಥ 1988ರಲ್ಲಿ ಹೊರಬಂತು. ಬೆಂಗಳೂರಿನಲ್ಲಿ ಪಾರಂಪರಿಕ ಕಟ್ಟಡ ಎಂಬುದು ಸಾರ್ವಜನಿಕ ಚರ್ಚೆಯ ವಿಷಯವಾದದ್ದು ಈ ದಶಕದಲ್ಲಿ.

ಆಗ ವಾದಿಸಿದವರ ಮುಂದೆ ಒಂದು ಕಷ್ಟದ ಪ್ರಶ್ನೆ ಇತ್ತು, ಇಂದಿಗೂ ಇದೆ. ಪರದೇಶಿ ಪ್ರಭುತ್ವ ತನ್ನ ಠೀವಿ ತೋರಲು ಕಟ್ಟಿದ್ದನ್ನು ನಾವೇಕೆ ಕಾಪಾಡಬೇಕು? ಕಾಲವೇ ಇದಕ್ಕೆ ಉತ್ತರ ಕೊಟ್ಟಿದೆ. ಕಮಿಷನರರು ಇಲ್ಲಿ ಇದ್ದದ್ದು ಹದಿಮೂರು ವರ್ಷ. ಸಂಸ್ಥಾನ, ಜನತಂತ್ರ, ನ್ಯಾಯಪೀಠ ಇದನ್ನು ಬಳಸಿದ್ದು ಅದರ ಹತ್ತು ಪಟ್ಟಿಗೂ ಮಿಕ್ಕಿದ ಕಾಲ. ಕಟ್ಟಿದವರ ಹಕ್ಕಿಗಿಂತ ಬಾಳಿದವರ ಹಕ್ಕು ದೊಡ್ಡದು.

ಹಾಗಾಗಿ ಸಂರಕ್ಷಣೆಯ ಮಾತು ಬಂದಾಗಲೆಲ್ಲ ಮುಂಭಾಗದ ಬಣ್ಣ, ಕಂಬಗಳ ದುರಸ್ತಿಗೆ ಕೆಲಸ ನಿಲ್ಲಬಾರದು. ಸುಣ್ಣದ ಗಾರೆಯ ಗೋಡೆಗೆ ಸಿಮೆಂಟು ಬಳಿದರೆ ತೇವ ಒಳಗೇ ಉಳಿದು ಇಟ್ಟಿಗೆಯನ್ನು ತಿನ್ನುತ್ತದೆ. ಸುಣ್ಣದ ಕೆಲಸ ಬಲ್ಲವರೇ ಅದನ್ನು ಮುಟ್ಟಬೇಕು. ಅದಕ್ಕಿಂತ ಮುಖ್ಯವಾಗಿ, ಮೊಗಸಾಲೆಗಳನ್ನು ಗಾಜು ಹಾಕಿ ಮುಚ್ಚುವ, ಕೋಣೆಗಳ ನಡುವೆ ಗೋಡೆ ಎಬ್ಬಿಸುವ ಆಸೆಗೆ ಲಗಾಮು ಬೇಕು. ಈ ಕಟ್ಟಡದ ಅಸಲಿ ಪರಂಪರೆ ಅಯಾನಿಕ್ ಸುರುಳಿಯಲ್ಲಿಲ್ಲ. ಯಾರು ಬಂದರೂ ನೆರಳಲ್ಲಿ ನಿಂತು ತಮ್ಮ ಅಹವಾಲು ಹೇಳಿಕೊಳ್ಳಬಹುದಾದ ಆ ತೆರೆದ ಮೊಗಸಾಲೆಯಲ್ಲಿದೆ. ಮುಂದಿನ ದುರಸ್ತಿಯ ಅಂದಾಜುಪಟ್ಟಿಯಲ್ಲಿ ಮೊದಲ ಸಾಲು ಅದಕ್ಕೇ ಮೀಸಲಾಗಬೇಕು.